ನೆರಳು ತಿರುಗಿದ ಛಾವಣಿ

"ನನ್ನ ಸಹಿ ಬಾಗಿಲ ಕಡೆ ಹೇಗೆ ಬಂತು?"

ಓಕ್ತಾವಿಯ ಕೂಗಿಗೆ ಏಣಿಯ ಮೇಲಿದ್ದ ಗಾರೆ ಕೆಲಸಗಾರ ಫಿರ್ಮಿನ್ ತಿರುಗಿಯೂ ನೋಡಲಿಲ್ಲ. ದೀಪದ ಬೆಳಕಿನಲ್ಲಿ ಛಾವಣಿಯ ಅಂಚಿನ ಗಾರೆಯ ಹೂಬಳ್ಳಿಯನ್ನು ತೀಡುತ್ತಲೇ ಇದ್ದ.

1867ರ ಪ್ಯಾರಿಸ್. ಈ ದಿವಾನಖಾನೆಯ ಛಾವಣಿಗಾಗಿ ಅವಳು ಐದು ತಿಂಗಳು ಕ್ಯಾನ್ವಾಸಿನ ಮೇಲೆ ಕೆತ್ತನೆಯ ಹಲಗೆಗಳನ್ನು ಚಿತ್ರಿಸಿದ್ದಳು, ನಿಜವಾದ ಮರವೇ ಅನ್ನಿಸುವಂತೆ. ಅಪ್ಪ ತೀರಿಕೊಂಡ ಮೇಲೆ ತನ್ನ ಹೆಸರಿನಲ್ಲಿ ಮಾಡಿದ ಮೊದಲ ಕೆಲಸ. ಅಗ್ಗಿಷ್ಟಿಕೆಯ ಕಡೆ ಇರಬೇಕಿದ್ದ ಸಹಿ ಈಗ ಎದುರು ಮೂಲೆಯಲ್ಲಿತ್ತು.

ಫಿರ್ಮಿನ್ ಇಡೀ ಕ್ಯಾನ್ವಾಸನ್ನೇ ತಿರುಗಿಸಿ ಛಾವಣಿಗೆ ಅಂಟಿಸಿದ್ದ!

"ಪೂರ್ವದ ಕಿಟಕಿ ಬೆಳಕು ನೋಡ್ಕೊಂಡು ನೆರಳು ಬರೆದಿದ್ದೆ. ಈಗ ಉಬ್ಬೆಲ್ಲ ತಗ್ಗಾಗಿ ಕಾಣತ್ತೆ! ಅಂಟು ಒಣಗಿದೆ, ಕೀಳೋಕೂ ಆಗಲ್ಲ. ಸಂಜೆ ಮನೆಯೊಡತಿ ಬಂದು ನೋಡಿದ್ರೆ ನನಗೆ ಇನ್ಯಾರು ಕೆಲಸ ಕೊಡ್ತಾರೆ?"

"ಅಮ್ಮಾವ್ರು ಬೈದು ಮುಗಿಸಿದ್ರಾ?"

ಎಷ್ಟು ಸೊಕ್ಕು! ಹೋದ ವರ್ಷ ಎಲ್ಲರೆದುರು, ನೀವು ಬರೆದ ಹೂಮಾಲೆ ಸಾಸೇಜ್ ಸರದ ಹಾಗಿದೆ ಎಂದು ನಕ್ಕವನಲ್ಲವೇ ಇವನು...

"ಕೆಳಗಿಳೀರಿ. ದೀಪದ ಬೆಳಕಲ್ಲಿ ಅಲ್ಲ, ಹಗಲಲ್ಲಿ ನೋಡಿ ನಿಮ್ಮ ಘನಕಾರ್ಯ!"

ಧೂಳು ತಡೆಯಲೆಂದು ಪೂರ್ವದ ಗೋಡೆಗೆ ಇಳಿಬಿಟ್ಟಿದ್ದ ಬಟ್ಟೆಯನ್ನು ಅವಳು ಸೆಳೆದಳು.

ಹಿಂದೆ ಕಿಟಕಿಯೇ ಇರಲಿಲ್ಲ. ಹೊಸದಾಗಿ ಕಟ್ಟಿದ ಇಟ್ಟಿಗೆಯ ಗೋಡೆ.

ಫಿರ್ಮಿನ್ ಇಳಿದು ಬಂದು ಎದುರು ಗೋಡೆಯ ಬಟ್ಟೆ ಎಳೆದ. ಮೂರು ಹೊಸ ಕಿಟಕಿಗಳು. ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ಛಾವಣಿಯ ಒಂದೊಂದು ಹಲಗೆಯೂ ಕೈಗೆ ಸಿಗುವಂತೆ ಎದ್ದು ನಿಂತಿತು.

"ಪಕ್ಕದಲ್ಲಿ ಹೊಸ ಕಟ್ಟಡ ಬಂತು. ಆ ಕಡೆ ಮುಚ್ಚಿ ಈ ಕಡೆ ತೆಗೆಸಿದ್ರು. ನಾನು ತಿರುಗಿಸದೇ ಇದ್ದಿದ್ರೆ ನಿಮ್ಮ ಹೆಸರು ಮಣ್ಣುಪಾಲಾಗ್ತಿತ್ತು."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಮೂರು ಕಾಗದ ಬರೆದೆ. ಮೂರೂ ಒಡೆಯದೇ ವಾಪಸ್ ಬಂದ್ವು!"

ಅವಳ ಕೆನ್ನೆ ಉರಿಯಿತು. "ಮತ್ತೆ ಅಣಕ ಮಾಡಿದ್ದೀರಿ ಅಂದ್ಕೊಂಡೆ..."

"ಎರಡರಲ್ಲಿ ಕಿಟಕಿ ವಿಷಯ ಇತ್ತು."

"ಇನ್ನೊಂದರಲ್ಲಿ?"

"ಅದು ಬಿಡಿ." ಅವನು ಏಣಿಯತ್ತ ಹೊರಟ. ಅವಳು ಅಡ್ಡ ನಿಂತಳು.

"ಹೇಳದೇ ಹತ್ತೋ ಹಾಗಿಲ್ಲ."

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಬರೆದಿದ್ದೆ. ಸಾಕಾ?" ಅವನು ಸಿಡುಕಿದ. ಸುಣ್ಣದ ಧೂಳಿನಡಿಯಲ್ಲೂ ಅವನ ಕಿವಿಗಳು ಕೆಂಪಾಗಿದ್ದವು.

ಇಷ್ಟು ದಿನ ನಾನು ದ್ವೇಷಿಸಿದ್ದು ಯಾರನ್ನು?

"ಆ ಕಾಗದ ಇನ್ನೂ ಇದೆಯಾ?"

"ಇದೆ. ಯಾಕೆ, ತಪ್ಪು ಹುಡುಕೋಕಾ?"

"ಮತ್ತೆ ಕಳಿಸಿ..." ಅವಳ ದನಿ ತಗ್ಗಿತು. "ಈ ಸಲ ವಾಪಸ್ ಬರಲ್ಲ."