ನಾಲ್ಕನೇ ಟೇಬಲ್ಲಿನ ಮಾತು

ಮರುಕಳಿಕೆ ಮಾಪಕದ ಕೆಂಪು ದೀಪ ಬೆಳಗಿನಿಂದ ಆರಿಯೇ ಇರಲಿಲ್ಲ. ಮೆಲ್ಬರ್ನಿನ ಆ ಸ್ಟುಡಿಯೋದೊಳಗೆ ಚಿತ್ರೀಕರಣಕ್ಕೆಂದು ಕಟ್ಟಿದ್ದ ಕಾಫಿ ಅಂಗಡಿಯ ಮೂಲೆಯಲ್ಲಿ, ಕೇಕು ಇಡುವ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ, ಅಕ್ಕಿ ಡಬ್ಬಿಯಷ್ಟು ಗಾತ್ರದ ಆ ಯಂತ್ರ ಕುಳಿತು ‘ಬ್ಯಾಂಕ್ಸಿಯಾ ಬೀದಿ’ ಎಂಬ ಧಾರಾವಾಹಿಯ ಎಪ್ಪತ್ತೆರಡು ವರ್ಷಗಳ ಕಂತುಗಳನ್ನು ಒಂದೊಂದಾಗಿ ನುಂಗುತ್ತಿತ್ತು. ಮದುವೆಯ ಗಳಿಗೆಗೆ ಸರಿಯಾಗಿ ಹಳೆಯ ಪ್ರಿಯಕರ ಬಾಗಿಲಲ್ಲಿ ಬಂದು ನಿಂತದ್ದು ಇನ್ನೂರ ಹದಿನಾಲ್ಕು ಸಲ. ತಲೆಗೆ ಪೆಟ್ಟು ಬಿದ್ದು ನೆನಪು ಹೋದದ್ದು ಅರವತ್ತೊಂದು ಸಲ. ಸತ್ತವರು ತಿರುಗಿ ಬಂದದ್ದು ಮೂವತ್ತೆಂಟು ಸಲ, ಅದರಲ್ಲಿ ಒಬ್ಬನೇ ಮೂರು ಸಲ.

ಯಂತ್ರದ ಕೆಲಸ ಹೇಳಲು ಸುಲಭ. ಯಾವ ಕಥೆಯಿಂದಲೂ ಹೆಸರು, ಬಟ್ಟೆ, ಮನೆಯ ಬಣ್ಣಗಳನ್ನು ಸುಲಿದು ಹಾಕಿದರೆ ಒಳಗೊಂದು ಕಾಳು ಉಳಿಯುತ್ತದೆ. ಅದಕ್ಕೆ ಕಥಾಬೀಜ ಎಂದು ಹೆಸರು. ಎರಡು ಕಥಾಬೀಜಗಳು ಒಂದೇ ಆಗಿದ್ದರೆ ಕೆಂಪು ದೀಪ, ಹೊಸದು ಸಿಕ್ಕರೆ ಹಸಿರು. ಹಳೆಯ ಕಂತುಗಳ ಧ್ವನಿ ಕೆಟ್ಟುಹೋಗಿದ್ದರಿಂದ ಯಂತ್ರ ಕಿವಿಯನ್ನು ನಂಬದೆ ಕಣ್ಣನ್ನೇ ನಂಬಿತ್ತು. ನಟರ ತುಟಿ, ದವಡೆ, ಗಂಟಲುಗಳ ಚಲನೆಯಿಂದ ಮಾತನ್ನು ಹಿಡಿಯುವ ಈ ವಿದ್ಯೆಗೆ ತುಟಿಯೋದು ಎನ್ನುತ್ತಿದ್ದರು. ಪ್ರಸಾರವಾದದ್ದಷ್ಟೇ ಅಲ್ಲ, ಕತ್ತರಿಸಿ ಬದಿಗಿಟ್ಟ ತುಣುಕುಗಳನ್ನೂ ಅದಕ್ಕೆ ತಿನ್ನಿಸಿದ್ದರು. ಹೊಸ ಕಂತುಗಳನ್ನು ಚಿತ್ರೀಕರಣ ನಡೆಯುವಾಗಲೇ ಅಳೆಯಲಿ ಎಂದು ಯಂತ್ರವನ್ನು ತಂದು ಅಂಗಡಿಯಲ್ಲೇ ಇಟ್ಟಿದ್ದರು.

ನಾಲ್ಕನೇ ಟೇಬಲ್ಲಿನಲ್ಲಿ ಗಿರಾಕಿಯ ವೇಷದಲ್ಲಿ ಕುಳಿತಿದ್ದ ದಾಕ್ಷಾಯಿಣಿಗೆ ಆ ದೀಪ ನೋಡಿದರೆ ಮೈ ಉರಿಯುತ್ತಿತ್ತು. ಯಂತ್ರದ ಹಿಂದೆಯೇ ಒಂದು ಸೂಚನೆಯೂ ಬಂದಿತ್ತು. ಮುಂದಿನ ತಿಂಗಳಿನಿಂದ ಹಿನ್ನೆಲೆಯಲ್ಲಿ ಕೂರಲು ಮನುಷ್ಯರು ಬೇಕಿಲ್ಲ, ಕಂಪ್ಯೂಟರಿನಲ್ಲಿ ಬರೆದ ನೆರಳುಜನರನ್ನು ಕೂರಿಸುತ್ತಾರೆ. ನೆರಳುಜನ ಕೆಮ್ಮುವುದಿಲ್ಲ, ಸೀನುವುದಿಲ್ಲ, ಕ್ಯಾಮೆರಾವನ್ನು ದಿಟ್ಟಿಸುವುದಿಲ್ಲ. ಸತ್ತ ಗಂಡನೊಡನೆ ಹದಿನೆಂಟು ವರ್ಷ ಕೂತ ಟೇಬಲ್ ಇದು ಎಂದು ಸ್ಟುಡಿಯೋದವರಿಗೆ ಯಾರು ಹೇಳಬೇಕು? ಹೇಳಿದರೂ ಯಾರು ಕೇಳುತ್ತಾರೆ?

ಹುಬ್ಬಳ್ಳಿಯ ರೈಲು ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ ಮುರಿಗೆಪ್ಪ ಮೆಲ್ಬರ್ನಿನ ಟ್ರಾಮ್ ಡಿಪೋಗೆ ಕೆಲಸಕ್ಕೆ ಬಂದವನು. ಗುರುವಾರ ಅವನಿಗೆ ರಜೆ. ಯಾರೋ ಹೇಳಿದರೆಂದು ಗಂಡಹೆಂಡತಿ ಇಬ್ಬರೂ ಒಂದು ಗುರುವಾರ ಸ್ಟುಡಿಯೋಗೆ ಬಂದು ಕಾಫಿ ಅಂಗಡಿಯ ಗಿರಾಕಿಗಳಾದರು. ಆ ಕೆಲಸಕ್ಕೊಂದು ನಿಯಮವಿದೆ. ಮುಂದೆ ನಟರು ಮಾತಾಡುವಾಗ ಹಿಂದಿನವರು ಮಾತಾಡಿದಂತೆ ಕಾಣಬೇಕು, ಸದ್ದು ಮಾತ್ರ ಹೊರಡಬಾರದು. ಎಲ್ಲರೂ ‘ಬಟಾಣಿ, ಕ್ಯಾರೆಟ್, ಬಟಾಣಿ, ಕ್ಯಾರೆಟ್’ ಎಂದು ತುಟಿ ಆಡಿಸುತ್ತಾರೆ. ಮುರಿಗೆಪ್ಪನಿಗೆ ಮೊದಲ ದಿನವೇ ಅದು ಬೇಸರವಾಯಿತು. ‘ಸುಳ್ಳ ಯಾಕ ಬಾಯಿ ಆಡಿಸೂದು, ಖರೇನ ಮಾತಾಡೂಣು’ ಎಂದು ಸದ್ದಿಲ್ಲದ ಕನ್ನಡದಲ್ಲಿ ಶುರುಮಾಡಿದ.

ದಾಕ್ಷಾಯಿಣಿಯ ಸಿಟ್ಟು ಅವರ ಬೀದಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ಗಂಡ ಬಾಯಿ ತೆರೆದರೆ ಅವಳ ದನಿ ಸೂರಿಗೆ ತಾಗುತ್ತಿತ್ತು. ಈ ಟೇಬಲ್ಲಿನಲ್ಲಿ ದನಿ ಎತ್ತುವಂತಿರಲಿಲ್ಲ. ಗಂಡನ ತುಟಿಯನ್ನೇ ನೋಡುತ್ತಾ ಅವನ ಮಾತು ಮುಗಿಯುವವರೆಗೂ ಕಾಯಬೇಕಿತ್ತು. ವಾರವಿಡೀ ಹೊತ್ತಿಕೊಂಡ ಜಗಳಗಳೆಲ್ಲ ಗುರುವಾರ, ಬಣ್ಣದ ನೀರು ತುಂಬಿದ ಎರಡು ಕಪ್ಪುಗಳ ನಡುವೆ ಬಗೆಹರಿಯುತ್ತಿದ್ದವು. ಟೇಬಲ್ಲಿನ ಮಾತನ್ನು ಮನೆಗೆ ಒಯ್ಯಬಾರದು ಎಂಬುದು ಅವರಿಬ್ಬರ ಕರಾರು.

ಅಲ್ಲಿ ಕುಳಿತೇ ಅವರು ಐದು ಭಾರತೀಯ ಕುಟುಂಬಗಳು ಬ್ಯಾಂಕ್ಸಿಯಾ ಬೀದಿಗೆ ಬಂದು ಹೋದದ್ದನ್ನು ನೋಡಿದರು. ಧಾರಾವಾಹಿಯಲ್ಲಿ ಬರೀ ಬಿಳಿಯರೇ ಎಂದು ಯಾರಾದರೂ ಗದ್ದಲ ಮಾಡಿದಾಗಲೆಲ್ಲ ಒಂದು ಕುಟುಂಬ ಬರುತ್ತಿತ್ತು. ಅಪ್ಪ ವೈದ್ಯ, ಇಲ್ಲವೆ ಕಿರಾಣಿ ಅಂಗಡಿಯವನು. ಮಗಳು ಪಕ್ಕದ ಮನೆಯ ಹುಡುಗನನ್ನು ಮೆಚ್ಚುತ್ತಾಳೆ, ಅಪ್ಪ ಕೂಗಾಡುತ್ತಾನೆ, ಅಮ್ಮ ಅಳುತ್ತಾಳೆ. ಎರಡು ವರ್ಷ ತುಂಬುವುದರೊಳಗೆ ಎಲ್ಲರೂ ಕಾರು ಹತ್ತಿ ದೂರದ ಪರ್ತ್‌ಗೆ ಹೋಗುತ್ತಾರೆ, ಮತ್ತೆ ಅವರ ಸುದ್ದಿಯಿಲ್ಲ. ಚೀನೀಯರೂ ಲೆಬನಾನಿನವರೂ ಅದೇ ಕಾರು ಹತ್ತಿದವರೇ.

ನಾಲ್ಕು ವರ್ಷಗಳ ಹಿಂದೆ ಆರನೆಯ ಕುಟುಂಬದ ಅಪ್ಪನಾಗಲು ಮುರಿಗೆಪ್ಪನನ್ನೇ ಕರೆದರು. ಮೊದಲಿಗೆ ಒಂದೇ ಒಂದು ಮಾತು: ‘ನಮ್ಮ ಮನೆತನದ ಮರ್ಯಾದೆ ಕಳೆದೆ.’ ಮುರಿಗೆಪ್ಪ ಹೆಂಡತಿಯನ್ನು ಒಂದು ಮಾತೂ ಕೇಳದೆ, ‘ಆಗುವುದಿಲ್ಲ’ ಎಂದುಬಿಟ್ಟ. ಹದಿನೆಂಟು ವರ್ಷ ಮೂಕರಾಗಿ ಕೂತಮೇಲೆ ಸಿಕ್ಕ ಮಾತು! ದಾಕ್ಷಾಯಿಣಿ ಬುಧವಾರವಿಡೀ ಕೂಗಿದಳು. ಗುರುವಾರ ಟೇಬಲ್ಲಿನಲ್ಲಿ ಅವನು ತುಟಿ ತೆರೆಯುತ್ತಲೇ ಬೇಕೆಂದೇ ಮುಖವನ್ನು ಕಿಟಕಿಯತ್ತ ತಿರುಗಿಸಿ ಕೂತಳು. ಅವನು ಏನೋ ಹೇಳುತ್ತಲೇ ಇದ್ದನೆಂದು ಗೊತ್ತಿತ್ತು, ಏನೆಂದು ನೋಡಲಿಲ್ಲ. ಭಾನುವಾರ ಡಿಪೋದಲ್ಲಿ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ.

ಆರನೆಯ ಕುಟುಂಬಕ್ಕೆ ಬೇರೊಬ್ಬ ಅಪ್ಪ ಸಿಕ್ಕಿದ, ಅವರೂ ಪರ್ತ್‌ಗೆ ಹೋದರು. ಅವಳು ಮಾತ್ರ ಅಂದಿನಿಂದ ಪ್ರತಿ ಗುರುವಾರ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು. ಎದುರು ಕುರ್ಚಿಯಲ್ಲಿ ಯಾರನ್ನೂ ಕೂರಗೊಡುತ್ತಿರಲಿಲ್ಲ. ಕೊನೆಯ ಆ ಗುರುವಾರ ಅವನು ಏನು ಹೇಳಿದ? ಬೈದನೋ, ಬೇಡಿಕೊಂಡನೋ? ನಾಲ್ಕು ವರ್ಷ ಈ ಪ್ರಶ್ನೆ ಅವಳನ್ನು ಮಲಗಗೊಟ್ಟಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಯಂತ್ರದ ಪಕ್ಕದಿಂದ ಒಬ್ಬ ಹೆಂಗಸು ಎದ್ದು ಬಂದಳು. ಮಾಪಕವನ್ನು ಕಟ್ಟಿದ ವಿಜ್ಞಾನಿ, ಡಾಕ್ಟರ್ ಐರಿನ್ ಲೋಬೊ.

“ಆಂಟಿ, ನಿಮ್ಮದು ಕನ್ನಡ ಅಲ್ವಾ?”

ದಾಕ್ಷಾಯಿಣಿ ದಿಟ್ಟಿಸಿದಳು. “ನಿಮಗ ಯಾರು ಹೇಳಿದ್ರು?”

“ಯಂತ್ರ ಹೇಳಿತು. ನಾನು ಮಂಗಳೂರಿನವಳು.”

“ಅದಕ್ಕ ಬಾಯಿ ಬ್ಯಾರೆ ಐತೇನು? ಮುಂಜಾನಿಂದ ಕೆಂಪು ದೀಪ ಹಚ್ಚಿಕೊಂಡ ಕುಂತೈತಿ. ಹಸಿರು ಬಲ್ಬ್ ಸುಟ್ಟಿರಬೇಕು, ನೋಡ್ರಿ.”

“ಸುಡಲಿಲ್ಲ. ನಿನ್ನೆ ಹತ್ತಿತ್ತು, ಅದರದ್ದೇ ಮಾತಾಡ್ಲಿಕ್ಕೆ ಬಂದೆ.” ಐರಿನ್ ಎದುರು ಕುರ್ಚಿಗೆ ಕೈಹಾಕಿ, ದಾಕ್ಷಾಯಿಣಿಯ ಮುಖ ನೋಡಿ, ಪಕ್ಕದ ಟೇಬಲ್ಲಿನಿಂದ ಬೇರೊಂದನ್ನು ಎಳೆದುಕೊಂಡಳು. “ನಂದೊಂದು ತಪ್ಪಾಯ್ತು. ತುಟಿ ಆಡಿಸುವವರೆಲ್ಲ ಪಾತ್ರಗಳು ಅಂತ ಯಂತ್ರಕ್ಕೆ ಕಲಿಸಿಬಿಟ್ಟೆ. ಹಿಂದೆ ಕೂತವರು ಸುಮ್ಮನೆ ಬಾಯಿ ಆಡಿಸ್ತಾರೆ ಅಂತ ನಂಗೆ ಯಾರೂ ಹೇಳ್ಲಿಲ್ಲ.”

“ಕೇಳಿದ್ರ ಹೇಳತಿದ್ವಿ.”

“ಅದು ಸರಿ. ಎಲ್ಲಾ ಟೇಬಲ್‌ನಲ್ಲೂ ಬಟಾಣಿ, ಕ್ಯಾರೆಟ್. ಇದು ತರಕಾರಿ ಮಾರುಕಟ್ಟೆಯ ಧಾರಾವಾಹಿ ಅಂತ ಯಂತ್ರ ಬರೆದುಕೊಂಡಿತ್ತು ಮಾರಾಯ್ರೆ. ಎಪ್ಪತ್ತೆರಡು ವರ್ಷದಲ್ಲಿ ಹಸಿರು ದೀಪ ಬಿಡದೆ ಹತ್ತಿದ್ದು ಒಂದೇ ಕಡೆ. ನಾಲ್ಕನೇ ಟೇಬಲ್. ಹದಿನೆಂಟು ವರ್ಷ, ಒಂದು ವಾರದ ಹಾಗೆ ಇನ್ನೊಂದು ವಾರ ಇಲ್ಲ.”

“ಕನ್ನಡ ಅದಕ್ಕ ಹೆಂಗ ತಿಳೀತು?”

“ನನ್ನ ಅಮ್ಮ ನೋಡುವ ಕನ್ನಡ ಸೀರಿಯಲ್‌ಗಳ ಮೇಲೆ ಮೊದಲು ಪರೀಕ್ಷೆ ಮಾಡಿದ್ದು. ಆಮೇಲೆ ಕನ್ನಡ ತೆಗೀಲಿಕ್ಕೆ ಮರೆತೆ.”

ದಾಕ್ಷಾಯಿಣಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಕೂಡಲೇ ಕಪ್ಪನ್ನು ಟೇಬಲ್ಲಿಗೆ ಕುಕ್ಕಿದಳು. “ಗಂಡ ಹೆಂಡತಿ ಮಾತು ಕದ್ದು ನೋಡೂದು ಯಾವ ವಿಜ್ಞಾನರಿ? ನಾಚಿಕಿ ಇಲ್ಲ? ಎಷ್ಟ ಓದೀರಿ?”

“ಮೂರು ಹಾಳೆ. ಆಮೇಲೆ ಮುಚ್ಚಿಟ್ಟೆ. ಉಳಿದದ್ದು ನಿಮ್ಮದು, ನಿಮಗೇ ಕೊಡ್ಲಿಕ್ಕೆ ಬಂದದ್ದು.”

ಕುಕ್ಕಿದ ಕಪ್ಪನ್ನು ದಾಕ್ಷಾಯಿಣಿ ಮೆಲ್ಲಗೆ ನೆಟ್ಟಗಿಟ್ಟು ಕೇಳಿದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ಆ ಸ್ಟುಡಿಯೋದಲ್ಲಿ ಯಾರೂ ಕೇಳಿರಲಿಲ್ಲ.

“ನಾಲ್ಕು ವರ್ಷದ ಹಿಂದ, ಮಾರ್ಚ್ ತಿಂಗಳ ಎರಡನೇ ಗುರುವಾರ. ಅದು ಐತೇನು?”

ಐರಿನ್ ಅಂಗೈಯಗಲದ ಪರದೆಯನ್ನು ಟೇಬಲ್ಲಿನ ಮೇಲಿಟ್ಟು ಹುಡುಕಿದಳು. “ಉಂಟು. ಬೇಕಿದ್ರೆ ಯಂತ್ರ ಅವರ ದನಿಯನ್ನೂ ಮಾಡಿ ಕೊಡ್ತದೆ.”

“ದನಿ ಬ್ಯಾಡ. ಇಲ್ಲಿ ನಮಗ ದನಿ ಇದ್ದಿದ್ದಿಲ್ಲ.”

ಪರದೆಯಲ್ಲಿ ಮುಂದೆ ಯಾರೋ ಒಬ್ಬ ನಟಿ ಅಳುತ್ತಿದ್ದಳು. ಅವಳ ಹೆಗಲಾಚೆ, ಮಸುಕಾಗಿ, ಮುರಿಗೆಪ್ಪ. ಐರಿನ್ ಅವನನ್ನು ಹತ್ತಿರಕ್ಕೆ ತಂದಳು. ನೀಲಿ ಸ್ವೆಟರು, ಬೆಸುಗೆಯ ಕಿಡಿಗೆ ಸುಟ್ಟ ಹುಬ್ಬು. ಎದುರಿಗೆ ಕಿಟಕಿಯತ್ತ ಮುಖ ಮಾಡಿ ಕೂತ ಹೆಂಗಸಿನ ಜಡೆ. ಅವನ ತುಟಿ ಅಲುಗಿದಂತೆ ಕೆಳಗೆ ಅಕ್ಷರಗಳು ಮೂಡಿದವು. ದಾಕ್ಷಾಯಿಣಿ ಕನ್ನಡಕ ಹಾಕಿಕೊಂಡಳು.

‘ಏ ದಾಕ್ಷಿ, ಇತ್ಲಾಗ ನೋಡು. ಕೇಳು ಅನ್ನಾಕ ದನಿನೂ ಇಲ್ಲ ನನಗ. ಆ ಮಾತು ಆಡಿದ್ನಿ ಅಂದ್ರ ನಾವೂ ಕತಿಯಾಗ ಸೇರತೀವಿ. ಕತಿಯಾಗ ಸೇರಿದ ನಮ್ಮಂಥವರನ್ನ ಎರಡು ವರ್ಷಕ್ಕ ಪರ್ತ್‌ಗೆ ಕಳಸ್ತಾರ. ಐದು ಮನಿ ಹೋದದ್ದು ಇಲ್ಲೇ ಕುಂತು ನೋಡೀವಿಲ್ಲ? ಆಮ್ಯಾಲೆ ಗುರುವಾರ ನಿನ್ನ ಕೂಡ ಎಲ್ಲಿ ಮಾತಾಡ್ಲಿ? ಮನ್ಯಾಗ ನೀ ಎಲ್ಲಿ ಬಿಡ್ತಿ? ಅದೂ ಅಲ್ದ, ನಮ್ಮ ಮಗಳು ತಾ ಮೆಚ್ಚಿದಾಂವನ್ನ ಕರಕೊಂಡು ಬಂದಾಗ ಹೋಳಿಗಿ ಮಾಡಿಸಿದಾಂವ ನಾ. ಮರ್ಯಾದಿ ಹೋತು ಅಂತ ನನ್ನ ಬಾಯಾಗ ಹೆಂಗ ಬರ್ತೈತಿ? ನಮಗ ಕತಿ ಬ್ಯಾಡ. ಈ ಟೇಬಲ್ ಇದ್ರ ಸಾಕು.’

ಆಮೇಲೆ ಜಡೆಯತ್ತ ಬಾಗಿ, ಮತ್ತೊಂದು ಮಾತು. ಅದು ಮಾತ್ರ ಕೆಂಪು ಅಕ್ಷರದಲ್ಲಿ ಮೂಡಿತು.

‘ಸಿಟ್ಟು ಇಳೀತೇನು?’

ದಾಕ್ಷಾಯಿಣಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಅದು ಒದ್ದೆಯಾಗುತ್ತಿತ್ತು.

“ಇದಕ್ಕ ಯಾಕ ಕೆಂಪು?”

“ಅದೊಂದು ಮಾತ್ರ ಮರುಕಳಿಕೆ ಆಂಟಿ. ಪ್ರತಿ ಗುರುವಾರ ಕೊನೆಗೆ ಕೇಳಿದ್ದಾರೆ. ಏಳುನೂರ ಹನ್ನೆರಡು ಸಲ. ತೆಗೆದುಹಾಕಿ ಅಂತ ಯಂತ್ರದ ಸಲಹೆ.”

“ನಿಮ್ಮ ಯಂತ್ರಕ್ಕ ಹೇಳ್ರಿ, ಅದನ್ನ ಮುಟ್ಟಿದ್ರ ಕೈ ಮುರೀತೀನಿ ಅಂತ.”

“ಅದಕ್ಕೆ ಕೈ ಇಲ್ಲ,” ಎಂದಳು ಐರಿನ್. ಆಮೇಲೆ ಪರದೆಯ ಅಂಚಿನ ಪಟ್ಟಿ ನೋಡಿ, ಸಂಕೋಚದಿಂದ, “ನೀವು ಏನು ಉತ್ತರ ಕೊಟ್ಟಿದ್ದೀರಿ ಅಂತಲೂ ಬರೆದುಕೊಂಡಿದೆ. ‘ಇನ್ನಾ ಐತಿ.’ ‘ಸುಮ್ಮನ ಕಾಫಿ ಕುಡೀರಿ.’ ‘ಮನಿಗೆ ನಡೀರಿ, ತೋರಸ್ತೀನಿ.’ ಇಳೀತು ಅಂತ ಒಮ್ಮೆಯೂ ಇಲ್ಲ.”

ದಾಕ್ಷಾಯಿಣಿ ನಕ್ಕಳು. ನಾಲ್ಕು ವರ್ಷದಿಂದ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಬದಿಗಿಟ್ಟಂತಾಗಿತ್ತು. ಬೈಯಲಿಲ್ಲ ಅವನು. ಕೊನೆಯ ಗುರುವಾರವೂ ಅವಳ ಜೊತೆ ಕೂರುವುದನ್ನೇ ಬಯಸಿದ್ದ.

ಮುಂದಿನದನ್ನು ಯಂತ್ರವೇ ನೋಡಿಕೊಂಡಿತು. ಹೊಸ ಕಥೆ ಎಲ್ಲಿದೆ ಎಂದು ಕೇಳಿದವರಿಗೆ ಅದು ಕೊಟ್ಟ ವರದಿ ಒಂದೇ ಸಾಲಿನದು: ನಾಲ್ಕನೇ ಟೇಬಲ್ಲನ್ನು ಬದಲಿಸಬೇಡಿ. ಹಿನ್ನೆಲೆಯ ಮನುಷ್ಯರನ್ನು ತೆಗೆಯಲು ಹೊರಟವರೇ ತಂದಿರಿಸಿದ ಯಂತ್ರ ಆ ಮನುಷ್ಯರನ್ನು ಉಳಿಸಿತು. ನೆರಳುಜನರ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡರು. ನಿರ್ಮಾಪಕ ತಾನೇ ಹೂಗುಚ್ಛ ಹಿಡಿದು ಬಂದು, ಅವಳನ್ನೇ ಮುಂದಿಟ್ಟುಕೊಂಡು ಏಳನೆಯ ಭಾರತೀಯ ಕುಟುಂಬದ ಕಥೆ ಮಾಡುತ್ತೇನೆ, ಬೇಕಾದಷ್ಟು ಮಾತು ಕೊಡುತ್ತೇನೆ ಎಂದ.

“ಎರಡು ವರ್ಷಕ್ಕ ಪರ್ತ್‌ಗೆ ಕಳಸಾಕೇನು?” ಎಂದಳು ದಾಕ್ಷಾಯಿಣಿ. ಐರಿನ್ ನಗು ತಡೆದುಕೊಂಡು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ನಿರ್ಮಾಪಕನ ಕಿವಿ ಕೆಂಪಾಯಿತು. “ನಿಮಗ ಹೊಸಾ ಕತಿ ಬೇಕಂದ್ರ, ಬಂದ ಮನ್ಯಾವರನ್ನ ಕಾರು ಹತ್ತಿಸದ ಇಲ್ಲೇ ಇರಾಕ ಬಿಡ್ರಿ. ಅದು ಇನ್ನೂ ಒಮ್ಮೆನೂ ಆಗಿಲ್ಲ. ನನಗ ಮಾತ್ರ ಟೇಬಲ್ ಸಾಕು.”

ಮುಂದಿನ ಗುರುವಾರ ಅವಳು ಒಂದು ಡಬ್ಬಿ ಶೇಂಗಾ ಚಟ್ನಿಯನ್ನೂ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಗಳನ್ನೂ ತಂದು ಐರಿನ್ನಳ ಮುಂದಿಟ್ಟಳು.

“ಇದೆಲ್ಲ ಯಾಕೆ ಆಂಟಿ?”

“ತಪ್ಪು ಮಾಡಿದ್ರಲ್ಲ, ಅದಕ್ಕ. ಇನ್ನೂ ಇಂಥಾವು ನಾಕು ತಪ್ಪು ಮಾಡ್ರಿ. ತಿನ್ರಿ, ಭಾಳ ಸೊರಗೀರಿ.”

ಚಿತ್ರೀಕರಣಕ್ಕೆ ಎಲ್ಲರೂ ಸುಮ್ಮನಾದರು. ಮುಂದೆ, ಸತ್ತುಹೋಗಿದ್ದ ಅಣ್ಣನೊಬ್ಬ ಬಾಗಿಲು ತಳ್ಳಿಕೊಂಡು ಬಂದ. ಮೂವತ್ತೊಂಬತ್ತನೆಯ ಸಲ ಕೆಂಪು ದೀಪ ಹತ್ತಿತು. ಸುತ್ತಲಿನ ಟೇಬಲ್ಲುಗಳಲ್ಲಿ ಬಟಾಣಿ, ಕ್ಯಾರೆಟ್ ನಡೆದಿತ್ತು. ದಾಕ್ಷಾಯಿಣಿ ಕಿಟಕಿಯತ್ತ ನೋಡಲಿಲ್ಲ. ಬಣ್ಣದ ನೀರಿನ ಕಪ್ಪನ್ನು ಬದಿಗೆ ಸರಿಸಿ, ಎದುರಿನ ಖಾಲಿ ಕುರ್ಚಿಯನ್ನು ನೇರವಾಗಿ ನೋಡುತ್ತಾ, ಸದ್ದಿಲ್ಲದೆ ತುಟಿಯಾಡಿಸಿದಳು.

‘ಇಳೀತ್ರಿ.’

ಮೂಲೆಯಲ್ಲಿ ಹಸಿರು ದೀಪ ಹತ್ತಿತು.