ಹಿತ್ತಿಲ ಮೂಲೆಗೊಂದು ಕೊಡ ನೀರು

"ನಾನು ಆ ಮೂಲೆಗೆ ದಿನಾ ಒಂದು ಕೊಡ ನೀರು ಹಾಕೋದನ್ನ ಮಾತ್ರ ತಡೀಬೇಡ ಕಣಪ್ಪಾ," ಎಂದಳು ಪಕ್ಕದ ಮನೆಯ ಅಜ್ಜಿ. "ಅದಕ್ಕೆ ದಾಹ. ನೀರು ಸಿಗದಿದ್ರೆ ಮನೇಲಿರೋ ಮಗೂನ ಕುಡಿಯುತ್ತೆ."

ಇಂಜಿನಿಯರು ಹೊಟ್ಟೆ ಹಿಡಿದುಕೊಂಡು ನಕ್ಕ. ನಗದೆ ಏನು ಮಾಡಿಯಾನು? ಬಿರುಕು ಬಿಟ್ಟ ಗೋಡೆ, ಕುಸಿದ ಪಾಯ, ಬೂಷ್ಟು ಹಿಡಿದ ನೆಲ, ಇವುಗಳ ನಾಡಿ ಹಿಡಿಯುವುದರಲ್ಲೇ ಅವನ ತಲೆ ನೆರೆತಿತ್ತು. ಕೆಲಸದವರು ಅವನನ್ನು ತೇವದ ಡಾಕ್ಟರು ಎಂದೇ ಕರೆಯುತ್ತಿದ್ದರು. ತಾಯಿಯಿಲ್ಲದ ಏಳು ವರ್ಷದ ಮಗಳನ್ನು ಕಟ್ಟಿಕೊಂಡು ಈ ಹಳೆಯ ಮನೆಗೆ ಬಂದು ವಾರವಾಗಿತ್ತು. ಹಿತ್ತಿಲ ಮೂಲೆಯಲ್ಲಿ ಗೋಡೆ ಸೀಳಿದ್ದನ್ನು ಮೊದಲ ದಿನವೇ ಕಂಡಿದ್ದ.

"ಅಜ್ಜೀ, ಇದು ಎರೆಮಣ್ಣು. ನೆನೆದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ನೀವು ಒಂದೇ ಮೂಲೆಗೆ ಸುರಿದೂ ಸುರಿದೂ ಪಾಯಾನೇ ತಿರುಚಿಬಿಟ್ಟಿದ್ದೀರಿ. ದೆವ್ವ ಗಿವ್ವ ಏನಿಲ್ಲ, ಇರೋದು ನಿಮ್ಮ ಕೊಡ ಒಂದೇ."

ಅಜ್ಜಿ ನಗಲಿಲ್ಲ. ದನಿ ತಗ್ಗಿಸಿ ಹಳೆಯ ಕತೆ ಹೇಳಿದಳು. ಈ ಮನೆಗೆ ಪಾಯ ಹಾಕುವಾಗ ಒಬ್ಬಾಕೆ ನೀರು ಹೊರುತ್ತಿದ್ದಳು. ಉರಿಬಿಸಿಲಿನಲ್ಲಿ ಅವಳ ಕೂಸು ನೀರು ಕೇಳಿದಾಗ, ಅದು ಕಟ್ಟಡದ ನೀರು ಎಂದು ಯಜಮಾನ ಕೊಡವನ್ನು ಪಾಯಕ್ಕೇ ಸುರಿಸಿದ. ಸಂಜೆಯೊಳಗೆ ಕೂಸು ತಣ್ಣಗಾಯಿತು. ಅವಳು ಮಾಟ ಮಾಡಿದಳು. ಕೂಸಿನ ಕೂದಲನ್ನು ಮಡಕೆಯೊಳಗಿಟ್ಟು, ಆ ಮೂಲೆಯಲ್ಲಿ ಬೋರಲು ಹೂತು, ಮಣ್ಣಿಗೇ ಬಾಯಾರಿಕೆ ತಗುಲಿಸಿ ಹೋದಳು.

"ನಮ್ಮತ್ತೆ ಕಾಲದಿಂದ ಹಾಕ್ತಿದ್ದೀವಿ, ಮಗಾ. ಈ ಮನೇಲಿದ್ದು ಅದನ್ನ ನಿಲ್ಲಿಸಿದವರ ಮಕ್ಕಳು ಉಳಿದಿಲ್ಲ."

"ಸರಿ ಬಿಡಿ, ನಾಳೆಯಿಂದ ನಿಮ್ಮ ಸೊಂಟಕ್ಕೆ ರಜೆ," ಎಂದ ಮಹಾರಾಯ.

ಕೆಲಸ ಮಾತ್ರ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಮಾಡಿನ ನೀರು ಪಾಯದತ್ತ ಬಾರದಂತೆ ಕೊಳವೆ ತಿರುಗಿಸಿದ. ಗೋಡೆಯ ಸುತ್ತ ಮಣ್ಣನ್ನು ಹೊರಕ್ಕೆ ಇಳಿಜಾರು ಮಾಡಿದ. ಮೂಲೆ ಅಗೆಯುವಾಗ ಗುದ್ದಲಿಗೆ ಬೋರಲು ಮಡಕೆಯೊಂದು ತಗುಲಿತು. ಶಿಳ್ಳೆ ಹಾಕುತ್ತಲೇ ಅದರ ಮೇಲೆ ಜಲ್ಲಿ ಸುರಿದು, ದಪ್ಪ ಪ್ಲಾಸ್ಟಿಕ್ ಹಾಸಿ, ಕಾಂಕ್ರೀಟು ಬಡಿದು ಕೈ ತೊಳೆದುಕೊಂಡ.

ಮೂರನೆಯ ದಿನ ಹೂಕುಂಡದ ಗಿಡಗಳು ಮುಟ್ಟಿದರೆ ಪುಡಿಯಾದವು. ನಾಲ್ಕನೆಯ ದಿನ ತುಂಬಿಸಿಟ್ಟ ತೊಟ್ಟಿ ಬರಿದಾಗಿತ್ತು, ಸೋರಿದ ಗುರುತಿರಲಿಲ್ಲ. ಕೋಣೆಗಳಲ್ಲಿ ಸುಟ್ಟ ಮಡಕೆಯ ವಾಸನೆ. ನೆಲಕ್ಕೆ ಕಿವಿಯಿಟ್ಟರೆ ಅಡಿಯ ಕತ್ತಲಲ್ಲಿ ಯಾರೋ ಒಣ ನಾಲಗೆ ಚಪ್ಪರಿಸುವ ಸದ್ದು. ಪೈಪಿನೊಳಗಿನ ಗಾಳಿ ಎಂದುಕೊಂಡ. ಐದನೆಯ ಮಧ್ಯಾಹ್ನ ಮಗಳು ಆಟ ಬಿಟ್ಟು ಬಂದಳು.

"ಅಪ್ಪಾ, ಬಾಯಾರಿಕೆ."

ಒಂದು ಲೋಟ ಕುಡಿದಳು. ಒಂದು ಚೊಂಬು. ಒಂದು ಬಿಂದಿಗೆ. "ಇನ್ನೂ" ಎಂದಳು. ತುಟಿ ಒಡೆಯಿತು. ಒಡೆದ ಗೆರೆ ಕೆನ್ನೆಗೆ ಏರಿತು, ಗೋಡೆಯ ಬಿರುಕು ಏರಿದ ಹಾಗೆಯೇ. ರಕ್ತ ಬರಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಬಾಟಲಿ ಮೇಲೆ ಬಾಟಲಿ ಏರಿಸಿದರು. "ಇಷ್ಟೆಲ್ಲಾ ಎಲ್ಲಿಗೆ ಹೋಗ್ತಿದೆ?" ಎಂದು ಅವನನ್ನೇ ಕೇಳಿದರು. ಅವನಿಗೆ ಗೊತ್ತಿತ್ತು. ಅಯ್ಯೋ, ಈಗ ಗೊತ್ತಾಗಿ ಏನು ಬಂತು!

ಮಗಳ ಪಕ್ಕದಲ್ಲಿ ಕೂತ ಅಜ್ಜಿ ತಲೆಯೆತ್ತಲಿಲ್ಲ. "ಹೋಗಿ ನೀರು ಹಾಕು. ಆದ್ರೆ ಅದಕ್ಕೆ ರುಚಿ ಹತ್ತಿಬಿಟ್ಟಿದೆ. ಇನ್ನು ಬರೀ ನೀರಿಗೆ ಒಪ್ಪುತ್ತೋ ಇಲ್ವೋ."

ಓಡಿದ. ಹಾರೆ ಎತ್ತಿದ. ತಾನೇ ಬಡಿದ ಕಾಂಕ್ರೀಟು. ಒಡೆಯಲೊಲ್ಲದು. ಇಷ್ಟು ಗಟ್ಟಿಯಾಗಿ ಯಾಕೆ ಹಾಕಿದೆನೋ! ಕೊನೆಗೆ ಒಡೆಯಿತು. ಪ್ಲಾಸ್ಟಿಕ್ ಹರಿದ. ಕೊಡ ಸುರಿದ. ನೀರು ನಿಂತಿತು. ಇಂಗಲಿಲ್ಲ. ಎರಡು ಕೊಡ. ಹತ್ತು ಕೊಡ. ಹನಿಯೂ ಇಳಿಯಲಿಲ್ಲ. ನೀರನ್ನು ಬೊಗಸೆಯಲ್ಲಿ ತೋಡಿ ಎಸೆದ. ಜಲ್ಲಿ ಕಿತ್ತ. ಉಗುರು ಕಿತ್ತುಬಂತು. ಮಡಕೆ ಸಿಕ್ಕಿತು. ಎತ್ತಿದ. ಅದರಡಿಯ ಮಣ್ಣಿನಲ್ಲಿ ತೂತು. ಕಪ್ಪು. ಒಣ. ಒಳಗಿನಿಂದ ಯಾವುದೋ ಕೂಸಿನ ದನಿ. "ಅಮ್ಮಾ, ನೀರು." ಆಮೇಲೆ ಅದೇ ತೂತಿನಿಂದ ಮಗಳ ದನಿ. "ಅಪ್ಪಾ, ನೀರು."

ಕುಸಿದು ಕೂತು ಗೋಳೋ ಎಂದು ಅತ್ತ. ಕಣ್ಣೀರು ಜಾರಿ ತೂತಿನ ಅಂಚಿಗೆ ಬಿತ್ತು. ಸುರ್ ಎಂದಿತು ಮಣ್ಣು. ಹೀರಿಕೊಂಡಿತು. ಫೋನು ಬಡಿದುಕೊಂಡಿತು.

"ಮಗು ಕಣ್ಣು ಬಿಟ್ಳು ಕಣಪ್ಪಾ," ಎಂದಳು ಅಜ್ಜಿ. "ಏನು ಹಾಕ್ದೆ ಅದಕ್ಕೆ?"

ಅವನು ತನ್ನ ಒದ್ದೆ ಕೆನ್ನೆಯನ್ನು ಮುಟ್ಟಿ ನೋಡಿಕೊಂಡ.

ಮಗಳನ್ನು ಎತ್ತಿಕೊಂಡು ದೂರದ ಊರಿಗೆ ಹೋಗಿಯೂ ನೋಡಿದ. ಮರುದಿನವೇ ಅವಳ ತುಟಿ ಒಡೆಯಿತು, ಮರಳಿ ಬಂದ. ಅಂದಿನಿಂದ ದಿನಾ ಬೆಳಗ್ಗೆ ಆ ಮೂಲೆಯಲ್ಲಿ ಕೂತು ಅಳುತ್ತಾನೆ. ಈರುಳ್ಳಿ ಹೆಚ್ಚಿ ಸುರಿಸಿದ ಕಣ್ಣೀರನ್ನು ಅದು ಮೂಸಲೂ ಇಲ್ಲ. ಮೊದಮೊದಲು ತೀರಿಕೊಂಡ ಹೆಂಡತಿಯನ್ನು ನೆನೆದರೆ ಸಾಕಿತ್ತು. ಅವಳ ನಗು, ಅವಳ ಬೈಗುಳ, ಕೊನೆಯ ದಿನ ಅವಳು ಹಿಡಿದ ಕೈ. ನೆನೆದದ್ದೆಲ್ಲ ಒಂದೊಂದಾಗಿ ಮಣ್ಣಿನ ಪಾಲಾಯಿತು. ಈಗ ಅವಳ ಮುಖ ನೆನಪಾದರೆ ಯಾರೋ ದಾರಿಹೋಕರ ಮುಖ ನೆನಪಾದಷ್ಟೇ. ಮಗಳಿಗಾಗಿ ಅಳೋಣವೆಂದರೆ ಭಯ. ಭಯ ಗಂಟಲನ್ನು ಒಣಗಿಸುತ್ತದೆಯೇ ಹೊರತು ಕಣ್ಣನ್ನು ತೋಯಿಸುವುದಿಲ್ಲ.

ಇವತ್ತು ಬೆಳಗಿನಿಂದ ಕೂತಿದ್ದಾನೆ. ಬಿಸಿಲು ನೆತ್ತಿಗೇರಿದೆ. ಕಣ್ಣು ಉರಿಯುತ್ತಿದೆ, ಹನಿಯಿಲ್ಲ. ಒಳಗೆ ಮಗಳ ಆಟದ ಸದ್ದು ನಿಂತಿತು. ಪುಟ್ಟ ಹೆಜ್ಜೆಗಳು ಹಿತ್ತಿಲ ಬಾಗಿಲಿಗೆ ಬಂದವು.

"ಅಪ್ಪಾ," ಎಂದಳು, "ಬಾಯಾರಿಕೆ."