ಕೆಂಪು ಬಣ್ಣದ ಕೆಳಗೆ

ಶಟರ್ ಇಳಿಯಿತು!

ಒಳಗೆ ನಾನು. ಎದುರಿಗೆ ವರ್ಕ್‌ಶಾಪ್ ಮಾಲೀಕ ಅವಧೂತ. ಅವನ ಒಂದು ಕೈಯಲ್ಲಿ ಶಟರಿನ ಕೀಲಿ, ಇನ್ನೊಂದರಲ್ಲಿ ಚಹಾದ ಕಪ್ಪು.

"ಎಲ್ಲಿ ಹೊಂಟ್ರಿ ಅಕ್ಕಾರ? ಕೂಡ್ರಿ. ಚಹಾ ಆರತದ."

ಕೂತೆ. ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡೆ.

ಅದು ಗುರುವಾರ. ಪುಣೆಯ ಭೋಸರಿಯ ಕಾರ್ಖಾನೆಗಳಿಗೆ ಗುರುವಾರ ವಾರದ ರಜೆ. ಉಳಿದ ದಿನ ಕಿವಿ ಕಿತ್ತು ಹೋಗುವಷ್ಟು ಸದ್ದಿರುವ ಗಲ್ಲಿಯಲ್ಲಿ ಅವತ್ತು ಒಂದು ನಾಯಿಯೂ ಇರಲಿಲ್ಲ. ನಾನು ಕೂಗಿದರೆ ಕೇಳುವವರು ಯಾರು?

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಇಂದೂ. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿದವಳು. ತಲೆಯೆಲ್ಲ ಬೆಳ್ಳಗಾದ ಮೇಲೂ ಇನ್ಶೂರೆನ್ಸ್ ಕಂಪನಿಗಳು ಕರೆಯುತ್ತವೆ. ಮುರಿದ ವಸ್ತು ಯಾಕೆ ಮುರಿಯಿತು? ಅಷ್ಟೇ ನನ್ನ ಕೆಲಸ. ಪಿಸ್ತೂಲಿಲ್ಲ. ಚೀಲದಲ್ಲಿ ಒಂದು ಭೂತಗನ್ನಡಿ, ಒಂದು ಸಣ್ಣ ಅರ, ಹೋಲಿಸಿ ನೋಡಲು ಅಸಲಿ ಗಟ್ಟಿ ಲೋಹದ ಒಂದು ತುಂಡು, ಕಣ್ಣಿನ ಡ್ರಾಪ್ಸ್ ಬಾಟಲಿಯಲ್ಲಿ ಕಾಸ್ಟಿಕ್ ಸೋಡಾ. ಕಟ್ಟಿಕೊಂಡ ಸಿಂಕಿಗೆ ನೀವು ಸುರಿಯುತ್ತೀರಲ್ಲ, ಅದೇ!

ಈ ಸಲ ಮುರಿದದ್ದು ಒಂದು 'ಎಯ್ಟ್'. ಎತ್ತರದ ಕಟ್ಟಡಗಳ ಗಾಜು ಒರೆಸುವವರು ಹಗ್ಗ ಹಿಡಿದು ಇಳಿಯುತ್ತಾರೆ. ಸೊಂಟಕ್ಕೂ ಹಗ್ಗಕ್ಕೂ ನಡುವೆ ಎಂಟರ ಆಕಾರದ ಒಂದು ಬಳೆ. ಪ್ರಾಣ ಅದರ ಮೇಲೆ. ಗಟ್ಟಿ ಅಲ್ಯುಮಿನಿಯಂನ ದಪ್ಪ ಹಲಗೆಯಿಂದ ಅದನ್ನು ಕೊರೆದು ತೆಗೆದು, ಅಂಚು ಉಜ್ಜಿ, ಬಣ್ಣದ ತೊಟ್ಟಿಯಲ್ಲಿ ಅದ್ದಿ ಕೊಡುತ್ತಾರೆ. ಕೊಂಢವಾದಲ್ಲಿ ಒಬ್ಬನ ಎಯ್ಟ್ ಮುರಿಯಿತು. ಬದುಕಿದ್ದಾನೆ... ಆದರೆ ಎದ್ದು ಕೂರಲಾರ.

ಆ ಚೂರನ್ನು ನನಗೆ ತಂದುಕೊಟ್ಟವನು ಅವನ ಜೊತೆಗಾರ ಬಸವಲಿಂಗ. ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. ನಾನು ಭೂತಗನ್ನಡಿ ಹುಡುಕುವಷ್ಟರಲ್ಲಿ, ಕೇಳದೆಯೇ, ನನ್ನ ಅಡುಗೆಮನೆಯ ಸೋರುವ ನಲ್ಲಿ ರಿಪೇರಿ ಮಾಡಿಟ್ಟಿದ್ದ. ಅಂಥ ಹುಡುಗ.

ಚೂರು ಮುರಿಯುವ ಮೊದಲು ಬಾಗಿತ್ತು. ಗಟ್ಟಿ ಲೋಹ ಹಾಗೆ ಬಾಗುವುದಿಲ್ಲ.

ಅದಕ್ಕೇ ಚೂರನ್ನು ಚೀಲಕ್ಕೆ ಹಾಕಿಕೊಂಡು, ಆ ಎಯ್ಟ್ ಮಾಡಿಕೊಟ್ಟ ಅವಧೂತನಲ್ಲಿಗೆ ಬಂದೆ. ಗೇಟಿನಲ್ಲೇ ಫೋನ್ ಇಸಿದುಕೊಂಡ. "ಮಿಲಿಟರಿ ಮಾಲೂ ಮಾಡತೇವ್ರಿ ಅಕ್ಕಾರ, ಫೋಟೋ ನಡಿಯಂಗಿಲ್ಲ." ಪುಣೆಯಲ್ಲಿ ಇದು ಮಾಮೂಲು. ಕೊಟ್ಟೆ. ನನ್ನ ಮೊದಲ ತಪ್ಪು.

ರಜಾ ದಿನ ಜನರೇಟರ್ ಹಾಕಿ ಮಶಿನ್ ಓಡಿಸುತ್ತಿದ್ದ. ಕೆಲಸಗಾರರು ಯಾರೂ ಇಲ್ಲ. ಒಬ್ಬನೇ! ಆಗಲೇ ಹೊರಟುಬಿಡಬೇಕಿತ್ತು. ಅವನು ಚಹಾ ಮಾಡಲು ಹೋದ. ನಾನು ಟ್ರೇಯಲ್ಲಿದ್ದ ಹೊಸ ಎಯ್ಟ್ ಒಂದನ್ನು ಎತ್ತಿಕೊಂಡೆ. ಕುಂಕುಮಕ್ಕಿಂತ ಕೆಂಪು, ಕನ್ನಡಿಯಂಥ ಹೊಳಪು. ಅರದಿಂದ ಗೀಚಿ ಒಂದು ಹನಿ ಸೋಡಾ ಬಿಟ್ಟೆ. ಗಟ್ಟಿ ಅಲ್ಯುಮಿನಿಯಂನಲ್ಲಿ ಸತು, ತಾಮ್ರ ಇರುತ್ತವೆ, ಹನಿ ಬಿದ್ದ ಜಾಗ ಕಪ್ಪಾಗಬೇಕು.

ಕಾದೆ...

ಬೆಳ್ಳಗೇ ಇತ್ತು. ಕಿಟಕಿಯ ಚೌಕಟ್ಟಿಗೆ ಬಳಸುವ ಮೆತ್ತನೆಯ ಮಾಲು!

ಎಯ್ಟನ್ನು ಚೀಲಕ್ಕೆ ಹಾಕಿಕೊಂಡೆ. ತಿರುಗಿದರೆ ಅವಧೂತ ನಿಂತಿದ್ದ. ಆಮೇಲೆ ಶಟರ್ ಇಳಿಯಿತು.

"ಸಕ್ಕರಿ ಸಾಕೇನ್ರಿ?"

"ಸಾಕು."

"ಚೀಲ ಕೊಡ್ರಿ."

"ಕೊಂಢವಾದ ಹುಡುಗ ಬಿದ್ದದ್ದು ನಿನಗ ಗೊತ್ತದ ಏನಪ್ಪಾ?"

"ಗೊತ್ತದ. ದವಾಖಾನಿಗೆ ಹಣ್ಣು ಕಳಿಸೇನಿ." ನಕ್ಕ. "ಗಟ್ಟಿ ಮಾಲು ಟೂಲ್ ತಿಂತದ, ಟೈಮ್ ತಿಂತದ. ಮೆತ್ತಂದು ಬೆಣ್ಣಿ ಕೊಯ್ದಂಗ. ಮ್ಯಾಲ ಬಣ್ಣ ಎಷ್ಟ್ ಚೆಂದ ಕೂಡತದ ನೋಡ್ರಿ! ಹಿಂಜವಾಡಿಗೆ ನಿನ್ನೆ ಹೊಸಾ ಸೆಟ್ ಕೊಟ್ಟೀವಿ. ಇವತ್ತ ಮಧ್ಯಾಹ್ನ ಇಳೀತಾರ."

'ಅಮ್ಮಾರ, ನಮಗ ಹೊಸಾವು ಬಂದಾವ, ಕೆಂಪನ್ನವು' ಎಂದು ಬಸವಲಿಂಗ ಹಿಂದಿನ ಸಂಜೆ ಫೋನಿನಲ್ಲಿ ಖುಷಿಯಿಂದ ಹೇಳಿದ್ದ. ಹಿಂಜವಾಡಿಯಲ್ಲಿ ಇಳಿಯುವವನು ಅವನೇ!

ಅವಧೂತ ನನ್ನ ತೋಳು ಹಿಡಿದು ಎಬ್ಬಿಸಿದ. ಮೆಲ್ಲಗೆ... ಸ್ವಂತ ತಾಯಿಯನ್ನು ಎಬ್ಬಿಸಿದ ಹಾಗೆ. ಬಣ್ಣ ಕೂರಿಸುವ ಕೊನೆಯ ತೊಟ್ಟಿಯತ್ತ ನಡೆಸಿದ. ನೀರು ಕೊತಕೊತ ಕುದಿಯುತ್ತಿತ್ತು. ಹಬೆ ಮುಖಕ್ಕೆ ಬಡಿಯಿತು.

"ಇಲ್ಲಿ ನೆಲ ಭಾಳ ಜಾರತದ ಅಕ್ಕಾರ. ವಯಸ್ಸಾದವರು ಜಾರಿದರ ಯಾರೂ ಏನೂ ಕೇಳಂಗಿಲ್ಲ. ಚೀಲ?"

ಸುಳ್ಳು ಯಾಕೆ? ಕೊಟ್ಟುಬಿಡೋಣ ಎನಿಸಿತು. ಆಗ ಬಸವಲಿಂಗ ರಿಪೇರಿ ಮಾಡಿಟ್ಟ ಆ ನಲ್ಲಿ ನೆನಪಾಯಿತು.

ಪಕ್ಕದಲ್ಲಿ ಮಶಿನ್ನಿನ ಕಸದ ಡಬ್ಬ. ಗಟ್ಟಿ ಲೋಹ ಕೊರೆದರೆ ಚೂರು ಅವಲಕ್ಕಿಯಂತೆ ಪುಡಿಪುಡಿ ಬೀಳುತ್ತದೆ. ಮೆತ್ತನೆಯದು ಶ್ಯಾವಿಗೆಯಂತೆ ಉದ್ದುದ್ದ ಸುರುಳಿ. ಡಬ್ಬದ ತುಂಬ ಶ್ಯಾವಿಗೆ!

ಒದ್ದೆ. ಇದ್ದಷ್ಟೂ ಬಲ ಹಾಕಿ ಒದ್ದೆ!

ಸುರುಳಿಗಳ ರಾಶಿ ಅವನ ಕಾಲಿಗೆ ಸುರಿಯಿತು. ಒಂದು ಹೆಜ್ಜೆ ಇಟ್ಟ, ಸಿಕ್ಕಿಕೊಂಡ. ಎಳೆದ, ಇನ್ನೂ ಸುತ್ತಿಕೊಂಡಿತು. ನನ್ನ ತೋಳು ಬಿಟ್ಟು ಧೊಪ್ಪೆಂದು ಬಿದ್ದ.

"ಏ ಮುದುಕಿ!"

ಅಕ್ಕಾರ ಮುಗಿಯಿತು, ಮುದುಕಿ ಶುರುವಾಯಿತು.

ಹಿಂದಿನ ಬಾಗಿಲಿಗೆ ಓಡಿದೆ. ಜನರೇಟರ್ ಹೊರಗಿತ್ತು, ದಪ್ಪ ಕೇಬಲ್ ಅದೇ ಬಾಗಿಲಿನಿಂದ ಒಳಗೆ ಬಂದಿತ್ತು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ತೂರಿಕೊಂಡೆ. ಸೆರಗು ಹರಿಯಿತು. ಹರಿಯಲಿ!

ಗಲ್ಲಿಯ ತುದಿಯಲ್ಲಿ ಒಂದು ರಿಕ್ಷಾ. ಡ್ರೈವರ್ ಹಿಂದಿನ ಸೀಟಿನಲ್ಲಿ ಮಲಗಿದ್ದ.

"ಹಿಂಜವಾಡಿ! ಲವಕರ್!" ಮರಾಠಿಯಲ್ಲಿ ಅವಸರಿಸಿದೆ.

"ಮಾವಶಿ, ತಿಕಡೆ ಲಯ್ ಟ್ರಾಫಿಕ್..." ಎನ್ನುತ್ತ ಎದ್ದವನು ನನ್ನ ಮುಖ ನೋಡಿದ. ನೀರಿನ ಬಾಟಲಿ ಕೈಗಿಟ್ಟು ಗಾಡಿ ಎತ್ತಿದ.

ಆ ಕಡೆ ಭಾರಿ ಟ್ರಾಫಿಕ್ ಎಂದು ಅವನು ಹೇಳಿದ್ದು ನಿಜ. ವಾಕಡ್ ದಾಟುತ್ತಲೇ ಎಲ್ಲ ನಿಂತಿತು. ಮುಂದೆ ಗಾಡಿಗಳು, ಹಿಂದೆ ಗಾಡಿಗಳು. ಆ ಹಿಂದಿನವುಗಳಲ್ಲಿ ಒಂದು ಬಿಳಿ ಕಾರು. ಅದರ ಬಾಗಿಲು ತೆರೆಯಿತು. ಅವಧೂತ ಇಳಿದ. ಕುಂಟುತ್ತ, ಕಾರುಗಳ ನಡುವೆ, ನನ್ನ ಕಡೆಗೇ ಬಂದ...

ಪಕ್ಕದಲ್ಲಿ ಒಂದು ಕಂಪನಿ ಬಸ್. ಬಾಗಿಲ ಬಳಿಯ ಸೀಟಿನ ಹುಡುಗಿ ಕೆಳಗೆ ನೋಡಿದಳು. ನನ್ನ ಹರಿದ ಸೆರಗು ಕಂಡಳು. ಕುಂಟಿಕೊಂಡು ಬರುವವನನ್ನೂ ಕಂಡಳು. 'ಅಯ್ಯೋ, ಬಂದಾ!' ಎಂದು ನಾನು ಕೂಗಿದ್ದೂ ಕೇಳಿಸಿರಬೇಕು.

"ಆಂಟಿ, ಹತ್ತಿ! ಬೇಗ!"

ಕನ್ನಡ! ಜೀವ ಬಂತು. ರಿಕ್ಷಾದವನು ದುಡ್ಡು ಕೇಳಲಿಲ್ಲ, ಹೋಗಿ ಹೋಗಿ ಎಂದು ಕೈ ಬೀಸಿದ. ಹತ್ತಿದೆ. ಬಸ್ಸಿನ ಬಾಗಿಲು ಮುಚ್ಚಿತು. ಗಾಜಿನ ಆಚೆ ಅವಧೂತನ ಮುಖ... ಬಸ್ ಜರುಗಿತು.

ಹುಡುಗಿಯ ಹೆಸರು ಜ್ಯೋತ್ಸ್ನಾ. ಕುಂದಾಪುರದವಳು. ಏದುಸಿರಿನಲ್ಲೇ ಎಲ್ಲ ಹೇಳಿದೆ.

"ಆಂಟಿ, ಗಾಜು ಕ್ಲೀನಿಂಗ್ ನಡೀತಿರೋದು ನಮ್ ಟವರ್‌ನಲ್ಲೇ! ಫೋನ್ ಮಾಡಿ ಅವ್ನಿಗೆ!"

"ನಂಬರ್ ನನ್ನ ಫೋನಿನೊಳಗದ. ಫೋನ್ ಆ ಕಳ್ಳನ ಹತ್ರ ಅದ."

ಅವಳು ಟವರಿನ ಹೆಲ್ಪ್‌ಡೆಸ್ಕಿಗೆ ಹಚ್ಚಿದಳು. 'ಇಂಗ್ಲಿಷಿಗೆ ಒಂದು ಒತ್ತಿ' ಎಂದಿತು. ಒತ್ತಿದಳು. ಸಂಗೀತ ಕೇಳಿಸಿತು.

ಬಸ್ ಟವರಿನ ಮುಂದೆ ನಿಂತಿತು. ಇಳಿದು ತಲೆ ಎತ್ತಿದೆ. ತೀರಾ ಮೇಲೆ, ಆಕಾಶಕ್ಕೆ ಅಂಟಿದಂತೆ, ಒಂದು ಹಳದಿ ಹೆಲ್ಮೆಟ್. ಚಾವಣಿಯ ಪ್ಯಾರಾಪೆಟ್ ಗೋಡೆ ದಾಟಿ ಹೊರಗಿನ ಅಂಚಿನಲ್ಲಿ ನಿಂತು ಹಗ್ಗ ಸರಿ ಮಾಡಿಕೊಳ್ಳುತ್ತಿದ್ದ.

"ಬಸವಲಿಂಗಾ! ಇಳೀಬ್ಯಾಡೋ!"

ನನ್ನ ಧ್ವನಿ ಎರಡನೇ ಮಹಡಿಯನ್ನೂ ಮುಟ್ಟಲಿಲ್ಲ.

"ಟೆರೇಸ್ ಲಿಫ್ಟಿಗೆ ಬೇರೆ ಪಾಸ್ ಬೇಕು, ಆಂಟಿ... ಟೈಮಿಲ್ಲ!" ಜ್ಯೋತ್ಸ್ನಾ ಅಳುವ ಹಾಗಿದ್ದಳು. ನಾನು ಲಾಬಿಗೆ ನುಗ್ಗಿದೆ. ಗೋಡೆಯ ಮೇಲೆ ಫೈರ್ ಅಲಾರ್ಮಿನ ಗಾಜು. ಅದು ಬಡಿದುಕೊಂಡರೆ ಹಗ್ಗದವರು ಇಳಿಯಬಾರದು, ಚಾವಣಿಗೆ ಮರಳಬೇಕು. ಇದು ಕಾಯಿದೆ. ಗಾರ್ಡ್ ನನ್ನ ಹೆಗಲು ಹಿಡಿದ. ಚೀಲದಿಂದ ಮುರಿದ ಚೂರು ತೆಗೆದು ಗಾಜಿಗೆ ಕುಟ್ಟಿದೆ.

ಟ್ರೀಂ...!

ಇಡೀ ಕಟ್ಟಡ ಕೂಗಿತು. ಹೊರಗೋಡಿ ಬಂದು ಮೇಲೆ ನೋಡಿದೆ. ಹಳದಿ ಹೆಲ್ಮೆಟ್ ನಿಂತಿತು. ತಿರುಗಿತು. ಒಂದು ಕಾಲು ಪ್ಯಾರಾಪೆಟ್ ಒಳಗೆ ಹೋಯಿತು... ಇನ್ನೊಂದು ಕಾಲು...

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ.

ಕಾಫಿ ಕಪ್ಪು ಹಿಡಿದುಕೊಂಡೇ ಸಾವಿರಾರು ಜನ ಹೊರಬಂದರು. ಅಲಾರ್ಮಿನ ಹಿಂದೆಯೇ ಪೊಲೀಸರು. ಅವರ ಹಿಂದೆ ಅವಧೂತ, ಹೊಸ ನಗು ಹಾಕಿಕೊಂಡು. ನನ್ನ ಕಡೆ ಬೆರಳು ಮಾಡಿ ಮರಾಠಿಯಲ್ಲಿ ಇನ್ಸ್‌ಪೆಕ್ಟರಿಗೆ ಹೇಳಿದ: ಪಾಪ, ನಮ್ಮ ಊರ ಕಡೆಯ ಅಜ್ಜಿ, ತಲೆ ಸರಿಯಿಲ್ಲ.

ಬಸವಲಿಂಗ ಇಳಿದು ಬಂದ. ಸೊಂಟದಲ್ಲಿ ಕೆಂಪು ಎಯ್ಟ್.

"ಯಾಕ ಅಮ್ಮಾರ? ಏನಾತು?"

ಗಟ್ಟಿ ಲೋಹವಾದರೆ ಕಪ್ಪಾಗಬೇಕು ಎಂದು ಇನ್ಸ್‌ಪೆಕ್ಟರಿಗೆ ಮರಾಠಿಯಲ್ಲಿ ಹೇಳಿ, ಅವನ ಎಯ್ಟನ್ನು ಗೀಚಿ ಹನಿ ಬಿಟ್ಟೆ. ನನ್ನ ಬಳಿಯಿದ್ದ ಅಸಲಿ ಲೋಹದ ತುಂಡಿಗೂ ಬಿಟ್ಟೆ. ಎಲ್ಲರೂ ಬಗ್ಗಿ ನೋಡಿದರು. ಅಸಲಿ ಕಪ್ಪಾಯಿತು. ಅವನದು ಬೆಳ್ಳಗೇ ಇತ್ತು. ಬಸವಲಿಂಗನ ಮುಖವೂ ಬೆಳ್ಳಗಾಯಿತು.

"ನನ್ನ ಮಾಲು ನಂಬರ್ ಒನ್ ಅದ!" ಅವಧೂತ ಕಿರುಚಿದ. "ಸೋಡಾ ಹಾಕಿ ಮಾಟ ಮಾಡತಾಳ!"

ಬಸವಲಿಂಗ ಎಯ್ಟ್ ಬಿಚ್ಚಿದ. ಎರಡೂ ಕೈಯಲ್ಲಿ ಹಿಡಿದು, ಬಲು ಮರ್ಯಾದೆಯಿಂದ, ಅವನ ಮುಂದೆ ಚಾಚಿದ.

"ಹಂಗಾರ ಮ್ಯಾಲ ಬರ್ರಿ ಸಾವಕಾರ್ರ. ಹಗ್ಗ ನಾ ಹಿಡೀತೇನಿ. ಇದನ್ನ ಹಾಕ್ಕೊಂಡು ನೀವ ಒಮ್ಮಿ ಇಳದ ತೋರಸ್ರಿ."

ಅವಧೂತ ಕೈ ಚಾಚಲಿಲ್ಲ.

ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟು ಸಾಕಾಯಿತು. ಇನ್ಸ್‌ಪೆಕ್ಟರ್ ಅವನ ಕೊರಳಪಟ್ಟಿ ಹಿಡಿದರು.

ಬಸವಲಿಂಗ ತನ್ನ ಅಂಗಿಯಿಂದ ನನ್ನ ಕನ್ನಡಕ ಒರೆಸಿಕೊಟ್ಟ. ಹಾಕಿಕೊಂಡು ನೋಡಿದರೆ, ಜೀಪು ಹತ್ತುತ್ತಿದ್ದ ಅವಧೂತನ ಪ್ಯಾಂಟಿನ ಅಂಚಿನಲ್ಲಿ ಒಂದು ಉದ್ದನೆಯ ಬೆಳ್ಳಿ ಸುರುಳಿ ನೇತಾಡುತ್ತಿತ್ತು.

ಅವನು ಅಸಲಿ ಮಾಲು ಬಳಸಿದ್ದರೆ, ಅವತ್ತು ಆ ಕುದಿಯುವ ತೊಟ್ಟಿಯಿಂದ ನಾನು ತಪ್ಪಿಸಿಕೊಳ್ಳುತ್ತಲೇ ಇರಲಿಲ್ಲ!